ಕುದೂರಿನ ಆಲದ ಸಾಲಿಗೆ ಬರಲಿರುವ ಬೆಳಕು

ಕುದೂರಿನಿಂದ ಹುಲಿಕಲ್ಲಿಗೆ ಹೋಗುವ ರಸ್ತೆಯನ್ನು ಕಣ್ಣಾರೆ ಕಾಣದವರೂ ಅಲ್ಲಿನ ಆಲದ ಮರಗಳ ಲೆಕ್ಕ ಬಲ್ಲರು. 385 ಮರ, ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಸಾಲು. ನೆಟ್ಟವರು, ನೀರು ಹೊತ್ತವರು ಸಾಲುಮರದ ತಿಮ್ಮಕ್ಕ ಮತ್ತು ಅವರ ಯಜಮಾನರು ಚಿಕ್ಕಯ್ಯ. ತಿಮ್ಮಕ್ಕನವರಿಗೆ ಪದ್ಮಶ್ರೀ ಬಂದ 2019ರಲ್ಲೇ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಕೆಲಸ ಈ ಸಾಲಿನ ಬುಡಕ್ಕೆ ಬಂತು. ಅವರು ಆಗಿನ ಮುಖ್ಯಮಂತ್ರಿ ಎಚ್‌.ಡಿ. ಕುಮಾರಸ್ವಾಮಿಯವರನ್ನು ಕಂಡು ಮರ ಉಳಿಸಿಕೊಡಿ ಎಂದು ಕೇಳಿಕೊಂಡರು. ಬೇರೆ ದಾರಿ ಹುಡುಕುವ ಭರವಸೆ ಸಿಕ್ಕಿತು. 2025ರ ನವೆಂಬರ್ 14ರಂದು ಆ ಹಿರಿಯ ಜೀವ ನಮ್ಮನ್ನು ಅಗಲಿತು.

ಕೊಡಲಿ ಬಂದರೆ ಕೂಗೆಬ್ಬಿಸುವುದು ನಮಗೆ ಗೊತ್ತಿದೆ. ಮರವನ್ನು ಮುಟ್ಟದೆ, ಒಂದು ಎಲೆಯನ್ನೂ ಉದುರಿಸದೆ, ಮರದೊಳಗಿನ ಜೀವಗಳನ್ನು ಕಂಗೆಡಿಸುವ ಇನ್ನೊಂದು ಸಂಗತಿ ಈ ಕಡೆಗೆ ಬರುತ್ತಿದೆ. ಅದನ್ನು ನಾವು ಅರ್ಜಿ ಕೊಟ್ಟು, ಶಾಸಕರ ಕೈಯಲ್ಲಿ ಗುಂಡಿ ಒತ್ತಿಸಿ, ಚಪ್ಪಾಳೆ ತಟ್ಟಿ ಬರಮಾಡಿಕೊಳ್ಳುತ್ತೇವೆ. ಅದು ರಾತ್ರಿಯ ಬೆಳಕು.

ಬೆಂಗಳೂರು ಈ ಕಡೆಗೆ ಎಷ್ಟು ವೇಗವಾಗಿ ಬರುತ್ತಿದೆ ಎಂಬುದು ಇಲ್ಲಿಯ ಯಾರಿಗೂ ಹೊಸ ಸುದ್ದಿಯಲ್ಲ. ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದ ದೀಪಗಳು ಆಗಲೇ ಉತ್ತರದ ಆಕಾಶವನ್ನು ಬೆಳಗುತ್ತಿವೆ. ದಾಬಸ್‌ಪೇಟೆ, ಮಾಗಡಿ, ರಾಮನಗರ, ಕನಕಪುರಗಳನ್ನು ಸುತ್ತುವ ಉಪನಗರ ವರ್ತುಲ ರಸ್ತೆ ಕುದೂರು ಇರುವ ಮಾಗಡಿ ತಾಲ್ಲೂಕನ್ನು ಹಾದುಹೋಗಲಿದೆ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ಗುರುತಿಸಿದ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆಯಲ್ಲಿವೆ, ಒಂದು ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿದೆ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಅವನ್ನು ನೋಡಿಕೊಂಡೂ ಹೋಯಿತು. ಅದೇ ವರ್ಷ ರಾಮನಗರ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದಾಯಿತು. ರಸ್ತೆ ಬಂದಲ್ಲಿ ಕಂಬ ಬರುತ್ತದೆ, ಕಂಬ ಬಂದಲ್ಲಿ ಬಡಾವಣೆ, ಬಂಕು, ಕಲ್ಯಾಣ ಮಂಟಪ, ಡಾಬಾ. ಅವೆಲ್ಲದರ ಜೊತೆ ಬೆಳಗಿನವರೆಗೂ ಆರದ ದೀಪ. ಆ ಬೆಳಕು ಮರದ ಮೇಲೆ ಮಲಗಿದ ಹಕ್ಕಿಯ ರಕ್ತದಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ಈಗ ಸಾಕಷ್ಟು ಪುರಾವೆಯಿದೆ. ಕೆಡುವ ಮುಂಚೆಯೇ ಅದನ್ನು ಹೇಳಬೇಕು.

ಹಕ್ಕಿಯ ಒತ್ತಡದ ಹಾರ್ಮೋನಿನ ಹೆಸರು ಕಾರ್ಟಿಕೋಸ್ಟಿರಾನ್. ನಮ್ಮ ಮೈಯಲ್ಲಿ ಕಾರ್ಟಿಸಾಲ್ ಮಾಡುವ ಕೆಲಸವನ್ನು ಹಕ್ಕಿಯ ಮೈಯಲ್ಲಿ ಇದು ಮಾಡುತ್ತದೆ. ಮಿದುಳಿನ ತಳದ ಹೈಪೊಥಲಾಮಸ್‌ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ, ಪಿಟ್ಯುಟರಿ ರಕ್ತದ ಮೂಲಕ ಮೂತ್ರಪಿಂಡದ ಪಕ್ಕದ ಅಡ್ರಿನಲ್ ಗ್ರಂಥಿಗೆ ಹೇಳಿ ಕಳಿಸುತ್ತದೆ, ಅಲ್ಲಿಂದ ಹಾರ್ಮೋನು ಹೊರಡುತ್ತದೆ. ಬೆಕ್ಕು ಎರಗಿದಾಗ, ನೆತ್ತಿಯ ಮೇಲೆ ಗಿಡುಗ ಸುಳಿದಾಗ ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಸಂಶೋಧಕರು ಬಲೆಗೆ ಬಿದ್ದ ಹಕ್ಕಿಯ ರೆಕ್ಕೆಯ ನಾಳದಿಂದ ಮೂರು ನಿಮಿಷದೊಳಗೆ ರಕ್ತದ ಹನಿ ತೆಗೆಯಲು ಹೆಣಗುವುದು ಇದೇ ಕಾರಣಕ್ಕೆ. ಅಷ್ಟು ಹೊತ್ತು ಮೀರಿದರೆ ಸಿಗುವುದು ಹಿಡಿದವರ ಕೈಯಲ್ಲಿ ಆದ ದಿಗಿಲಿನ ಅಳತೆ, ಹಕ್ಕಿಯ ಎಂದಿನ ಮಟ್ಟ ಅದರಲ್ಲಿ ಮುಚ್ಚಿಹೋಗಿರುತ್ತದೆ.

ದಿಗಿಲು ಈ ಹಾರ್ಮೋನಿನ ಅರ್ಧ ಕತೆ ಮಾತ್ರ. ಯಾವ ಅಪಾಯವೂ ಇಲ್ಲದ ದಿನಗಳಲ್ಲೂ ಅದು ಹೊತ್ತಿಗೆ ಸರಿಯಾಗಿ ಏರುತ್ತದೆ, ಇಳಿಯುತ್ತದೆ. ಹಗಲಲ್ಲಿ ಓಡಾಡುವ ಹಕ್ಕಿಗಳಲ್ಲಿ ಹಗಲೆಲ್ಲ ತಗ್ಗಿದ್ದು, ನಡುರಾತ್ರಿ ಕಳೆದ ಮೇಲೆ ಮೆಲ್ಲಗೆ ಮೇಲೇರಿ, ಎಚ್ಚರಗೊಳ್ಳುವ ಸ್ವಲ್ಪ ಮೊದಲು ತುದಿ ಮುಟ್ಟುತ್ತದೆ. 1999ರಲ್ಲಿ ಬ್ರೂನರ್, ಜಾನ್ ವಿಂಗ್‌ಫೀಲ್ಡ್ ಮತ್ತು ಮೈಕೆಲ್ ರೊಮೆರೊ ಉತ್ತರ ಅಮೆರಿಕದ ಬಿಳಿನೆತ್ತಿಯ ಗುಬ್ಬಿಗಳಲ್ಲಿ ಈ ಏರಿಳಿತವನ್ನು ಅಳೆದು ತೋರಿಸಿದರು. ಏರಿಕೆಗೆ ಅರ್ಥವಿದೆ. ಹಿಡಿಯಷ್ಟಿರುವ ಪಿಕಳಾರ ಸಂಜೆ ಆರಕ್ಕೆ ತಿಂದರೆ ಮತ್ತೆ ಅದರ ಬಾಯಿಗೆ ಏನಾದರೂ ಬೀಳುವುದು ಬೆಳಗಿನ ಆರಕ್ಕೆ. ಹನ್ನೆರಡು ಗಂಟೆಯ ಉಪವಾಸದ ಕೊನೆಗೆ, ಉಳಿದಿರುವ ಕೊಬ್ಬನ್ನು ಕರಗಿಸಿ, ರಕ್ತಕ್ಕೆ ಸಕ್ಕರೆ ಒದಗಿಸಿ, ಮೈಯನ್ನು ಹಾರಾಟಕ್ಕೆ ಅಣಿಮಾಡುವುದು ಈ ಬೆಳಗಿನ ಜಾವದ ಏರಿಕೆ. ಮೂಡಣ ಕೆಂಪಾಗುವ ಮುಂಚೆಯೇ ಹಕ್ಕಿಯ ರಕ್ತದಲ್ಲಿ ಬೆಳಗಾಗಿರುತ್ತದೆ.

ಕೋಳಿ ಸಾಕಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕತ್ತಲಿರುವಾಗಲೇ ಹುಂಜ ಕೂಗುತ್ತದೆ. 2013ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಶಿಮ್ಮುರಾ ಮತ್ತು ಯೋಶಿಮುರಾ ಹುಂಜಗಳನ್ನು ಸದಾ ಒಂದೇ ಸಮನಾದ ಮಬ್ಬು ಬೆಳಕಿನಲ್ಲಿಟ್ಟು ನೋಡಿದರು. ಬೆಳಗು ಎಂಬುದೇ ಇಲ್ಲದ ಆ ಕೋಣೆಯಲ್ಲೂ ಅವು ದಿನಕ್ಕೊಮ್ಮೆ ತಮ್ಮ ಹೊತ್ತಿಗೆ ಕೂಗಿದವು. ಆದರೆ ದಿನ ಕಳೆದಂತೆ ಆ ಲಯ ಸಡಿಲವಾಗುತ್ತ ಬಂತು. ಗಡಿಯಾರ ಒಳಗೇ ಇದೆ, ಅದಕ್ಕೆ ದಿನವೂ ಕೀಲಿ ಕೊಡುವುದು ಮಾತ್ರ ಹೊರಗಿನ ಹಗಲು–ಇರುಳು.

ಇರುಳೇ ಇಲ್ಲದ ನಾಡುಗಳೂ ಇವೆಯಲ್ಲ, ಅಲ್ಲಿ ಹಕ್ಕಿಗಳಿಲ್ಲವೇ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಇದು. ಧ್ರುವಪ್ರದೇಶದ ಬೇಸಿಗೆಯಲ್ಲಿ ವಾರಗಟ್ಟಲೆ ಸೂರ್ಯ ಮುಳುಗುವುದಿಲ್ಲ. ಅಂಟಾರ್ಕ್ಟಿಕಾದಲ್ಲಿ ಗೂಡುಕಟ್ಟುವ ಅಡೆಲಿ ಪೆಂಗ್ವಿನ್‌ಗಳ ರಕ್ತವನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಪರೀಕ್ಷಿಸಿದ ಕೆರೊಲ್ ವ್ಲೆಕ್ ಮತ್ತು ವ್ಯಾನ್ ಹುಕ್ 2002ರಲ್ಲಿ ವರದಿ ಮಾಡಿದ್ದು ಇಷ್ಟು: ಕಾರ್ಟಿಕೋಸ್ಟಿರಾನ್‌ನಲ್ಲಿ ದಿನದ ಏರಿಳಿತವೇ ಕಾಣಲಿಲ್ಲ, ಮರಿ ಸಾಕಣೆಗೆ ಬೇಕಾದ ಪ್ರೊಲ್ಯಾಕ್ಟಿನ್‌ನಲ್ಲೂ ಕಾಣಲಿಲ್ಲ. ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್ ದ್ವೀಪಗಳ ಟಾರ್ಮಿಗನ್ ಎಂಬ ಹಿಮಕೋಳಿಯಲ್ಲಿ ನಡುಬೇಸಿಗೆಯಲ್ಲಿ ಇರುಳಿನ ಹಾರ್ಮೋನಾದ ಮೆಲಟೋನಿನ್‌ನ ಲಯ ಅಳಿಸಿಹೋಗಿರುತ್ತದೆ ಎಂದು 1999ರಲ್ಲಿ ನಾರ್ವೆಯ ಸಂಶೋಧಕರು ತೋರಿಸಿದರು. ಅಲಾಸ್ಕಾದ ಉತ್ತರ ತುದಿಯ, ಆಗ ಬ್ಯಾರೋ ಎಂದು ಕರೆಯುತ್ತಿದ್ದ ಊರಲ್ಲಿ ಕಂಡದ್ದು ಇನ್ನೂ ಬೆರಗಿನದು. ಅಲ್ಲಿ ಮರಿ ಮಾಡಲು ಬರುವ ಪೆಕ್ಟೋರಲ್ ಸ್ಯಾಂಡ್‌ಪೈಪರ್ ಎಂಬ ಗೊರವದ ಗಂಡುಗಳಲ್ಲಿ ಕೆಲವು ಹತ್ತೊಂಬತ್ತು ದಿನ ನೂರಕ್ಕೆ ತೊಂಬತ್ತೈದರಷ್ಟು ಹೊತ್ತು ಎಚ್ಚರವಾಗಿ ಓಡಾಡುತ್ತಿದ್ದವು, ಹೆಚ್ಚು ನಿದ್ದೆಗೆಟ್ಟ ಗಂಡುಗಳಿಗೇ ಹೆಚ್ಚು ಮರಿಗಳಾದವು ಎಂದು ಜಾನ್ ಲೆಸ್ಕು ಮತ್ತು ಸಂಗಡಿಗರು 2012ರಲ್ಲಿ ಬರೆದರು. ಅದೇ ಬಯಲಲ್ಲಿ, ಅದೇ ಮುಳುಗದ ಸೂರ್ಯನ ಕೆಳಗೆ, ಲ್ಯಾಪ್‌ಲ್ಯಾಂಡ್ ಲಾಂಗ್‌ಸ್ಪರ್ ಎಂಬ ಪುಟ್ಟ ಕಾಳುಗುಬ್ಬಿ ಮಾತ್ರ ನಡುರಾತ್ರಿಯ ಕೆಲವು ಗಂಟೆ ಸುಮ್ಮನಾಗುತ್ತದೆ, ಇಪ್ಪತ್ನಾಲ್ಕು ಗಂಟೆಯ ದಿನಚರಿಯನ್ನು ಬಿಡುವುದಿಲ್ಲ. ಅದರ ರಕ್ತದಲ್ಲಿ ಮೆಲಟೋನಿನ್‌ ಕೂಡ ತೀರ ಸಣ್ಣದಾಗಿ ಏರಿ ಇಳಿಯುತ್ತದೆ.

ಅಂದರೆ ಬೆಳಕಿನಲ್ಲೇ ಬಾಳುವ ಹಕ್ಕಿಗಳಲ್ಲೂ ಒಂದು ಲಯವನ್ನು ಪೂರ್ತಿ ಬದಿಗಿಟ್ಟಿದೆ, ಇನ್ನೊಂದು ಹಿಡಿದುಕೊಂಡಿದೆ. ಎರಡಕ್ಕೂ ಸಾವಿರಾರು ತಲೆಮಾರುಗಳ ನಿಸರ್ಗದ ಆಯ್ಕೆಯ ಬಲವಿದೆ. ಅವು ಲಯ ಬಿಡುವುದು ವರ್ಷದ ಕೆಲವು ವಾರ, ಆಹಾರ ಯಥೇಚ್ಛವಾಗಿರುವ ಕಾಲದಲ್ಲಿ. ಆಮೇಲೆ ಕತ್ತಲು ಮರಳುತ್ತದೆ, ಇಲ್ಲವೇ ಹಕ್ಕಿಯೇ ಕತ್ತಲಿರುವ ಕಡೆಗೆ ಹಾರಿಹೋಗುತ್ತದೆ.

ಕುದೂರಿನ ಹಕ್ಕಿಗೆ ಇಂಥ ಯಾವ ಏರ್ಪಾಡೂ ಇಲ್ಲ. ಈ ಊರು ಸಮಭಾಜಕದಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಇಲ್ಲಿನ ಅತಿ ಉದ್ದದ ಹಗಲು ಹದಿಮೂರು ಗಂಟೆಗೆ ಆರೇಳು ನಿಮಿಷ ಕಮ್ಮಿ, ಅತಿ ಗಿಡ್ಡ ಹಗಲು ಹನ್ನೊಂದು ಗಂಟೆ ಇಪ್ಪತ್ತು ನಿಮಿಷದಷ್ಟು. ವರ್ಷವಿಡೀ ನೋಡಿದರೂ ವ್ಯತ್ಯಾಸ ಒಂದೂವರೆ ಗಂಟೆಯ ಆಸುಪಾಸು. ಇಷ್ಟು ಸಣ್ಣ ವ್ಯತ್ಯಾಸವನ್ನು ಉಷ್ಣವಲಯದ ಹಕ್ಕಿ ಗಮನಿಸುತ್ತದೆಯೇ? 1998ರಲ್ಲಿ ಮಿಖೇಲಾ ಹಾವ್ ಮತ್ತು ಸಂಗಡಿಗರು ಪನಾಮಾ ಕಾಡಿನ ಚುಕ್ಕೆ ಇರುವೆಹಕ್ಕಿಯ ಮೇಲೆ ಪ್ರಯೋಗ ಮಾಡಿದರು. ಹಗಲನ್ನು ಕೇವಲ 17 ನಿಮಿಷ ಹೆಚ್ಚಿಸಿದ್ದಕ್ಕೆ ಅದರ ಸಂತಾನಾಂಗಗಳು ಬೆಳೆದವು, ಹಾಡು ಹೆಚ್ಚಿತು. ಹದಿನೇಳು ನಿಮಿಷ! ಅಷ್ಟು ನಯವಾದ ಅಳತೆಗೋಲಿನ ಪಕ್ಕದಲ್ಲಿ ನಾವು ಸಂಜೆ ಆರೂವರೆಯಿಂದ ಬೆಳಗಿನ ಆರೂವರೆಯವರೆಗೆ ಉರಿಯುವ ದೀಪ ನಿಲ್ಲಿಸುತ್ತೇವೆ. ಧ್ರುವದ ಹಕ್ಕಿಗಿಂತ ನಮ್ಮ ಹಕ್ಕಿಗೇ ಹೆಚ್ಚು ಅಪಾಯ ಎಂದು ನಾನು ನಂಬುವುದು ಈ ಕಾರಣಕ್ಕೆ.

ರಾತ್ರಿ ಹಕ್ಕಿ ಕಣ್ಣು ಮುಚ್ಚಿ ಮಲಗಿರುತ್ತದೆ, ದೀಪ ಇದ್ದರೇನು ಎಂಬ ಮಾತೂ ಇದೆ. ಇದಕ್ಕೆ 1960ರ ದಶಕದ ಕೊನೆಯಲ್ಲೇ ಉತ್ತರ ಸಿಕ್ಕಿತು. ಅಮೆರಿಕದ ಮೈಕೆಲ್ ಮೆನೇಕರ್ ಮನೆಗುಬ್ಬಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಓದುವಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ, ಆದರೆ ಅವು ಕಲಿಸಿದ್ದು ದೊಡ್ಡದು. ಕಣ್ಣಿಲ್ಲದ ಗುಬ್ಬಿಯೂ ಬೆಳಕಿನ ಲಯಕ್ಕೆ ಹೊಂದಿಕೊಂಡಿತು. ತಲೆಯ ಗರಿ ಕಿತ್ತಾಗ ಇನ್ನೂ ಮಂದವಾದ ಬೆಳಕಿಗೂ ಅದು ಸ್ಪಂದಿಸಿತು. ನೆತ್ತಿಯ ಚರ್ಮದಡಿ ಕಪ್ಪು ಶಾಯಿ ಸೇರಿಸಿ ಬೆಳಕನ್ನು ತಡೆದಾಗ ಸ್ಪಂದನೆ ನಿಂತಿತು. ಹಕ್ಕಿಯ ತೆಳು ತಲೆಬುರುಡೆಯನ್ನು ದಾಟಿ ಬೆಳಕು ನೇರವಾಗಿ ಮಿದುಳಿನ ಆಳದ ಬೆಳಕಿನ ಗ್ರಾಹಕಗಳನ್ನು ಮುಟ್ಟುತ್ತದೆ. ರೆಪ್ಪೆ ಮುಚ್ಚಿಕೊಳ್ಳಬಹುದು, ತಲೆಯನ್ನು ರೆಕ್ಕೆಯೊಳಗೆ ತೂರಿಸಬಹುದು. ಕಂಬದ ಬುಡದ ಕೊಂಬೆಯಲ್ಲಿ ಕೂತ ಮೈನಾಕ್ಕೆ ಅದಕ್ಕಿಂತ ಹೆಚ್ಚಿನ ಮರೆ ಇಲ್ಲ.

ಎಷ್ಟು ಬೆಳಕು ಸಾಕು? ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಪಕ್ಷಿವಿಜ್ಞಾನ ಸಂಸ್ಥೆಯ ಡೇವಿಡ್ ಡೊಮಿನೋನಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕರಿಹಕ್ಕಿಗಳನ್ನು ರಾತ್ರಿಯಿಡೀ 0.3 ಲಕ್ಸ್ ಬೆಳಕಿನಲ್ಲಿಟ್ಟರು. ಅಪ್ಪಟ ಹುಣ್ಣಿಮೆಯ ಬೆಳದಿಂಗಳೂ ಹೆಚ್ಚೆಂದರೆ ಅಷ್ಟೇ. ಬೀದಿದೀಪದ ನೇರ ಕೆಳಗೆ ಬೀಳುವುದು ಇದರ ಹತ್ತಾರು ಪಟ್ಟು. ಆ ಅಲ್ಪ ಬೆಳಕಿಗೇ ಮೊದಲ ವರ್ಷ ಹಕ್ಕಿಗಳ ಸಂತಾನಾಂಗಗಳು ಸುಮಾರು ಒಂದು ತಿಂಗಳು ಮುಂಚಿತವಾಗಿ ಬಲಿತವು. ಎರಡನೇ ವರ್ಷ ಬಲಿಯಲೇ ಇಲ್ಲ, ಗರಿ ಉದುರಿಸುವ ಕ್ರಮವೂ ಏರುಪೇರಾಯಿತು. ಮೊದಲ ವರ್ಷ ನೋಡಿದವರಿಗೆ ‘ಪರವಾಗಿಲ್ಲ, ಬೇಗ ಮರಿ ಮಾಡುತ್ತವೆ’ ಎನಿಸಿರಬಹುದು. ಕೇಡು ಎರಡನೇ ವರ್ಷಕ್ಕೆ ಕಾದಿತ್ತು.

ಹಾರ್ಮೋನಿನ ಮಾತಿಗೆ ಬಂದರೆ, ನೆದರ್ಲೆಂಡ್ಸ್‌ನಲ್ಲಿ ಕಾಡಿನೊಳಗೆ ಬಿಳಿ, ಕೆಂಪು, ಹಸಿರು ದೀಪಗಳ ಸಾಲು ನಿಲ್ಲಿಸಿ ಗೂಡುಪೆಟ್ಟಿಗೆಗಳಲ್ಲಿ ಮರಿಮಾಡುವ ಚೇಕಡಿ ಹಕ್ಕಿಗಳನ್ನು ಗಮನಿಸಿದ ಜೆನ್ನಿ ಓಯಾಂಗ್ ಅವರ ತಂಡ, ಬಿಳಿ ದೀಪದ ಸಾಲಿನಲ್ಲಿ ಗೂಡುಮಾಡಿದ ತಾಯ್ತಂದೆ ಹಕ್ಕಿಗಳ ರಕ್ತದಲ್ಲಿ ಕಾರ್ಟಿಕೋಸ್ಟಿರಾನ್ ಹೆಚ್ಚಿದ್ದನ್ನು 2015ರಲ್ಲಿ ಕಂಡಿತು. 2018ರಲ್ಲಿ ಅಮೆರಿಕದಲ್ಲಿ ಪಟ್ಟೆರಾಟವಾಳಗಳ ಮೇಲೆ ನಡೆದ ಪ್ರಯೋಗದಲ್ಲಿ 5000 ಕೆಲ್ವಿನ್‌ನ ನೀಲಿ ಬೆರೆತ ಬಿಳಿ ಬೆಳಕಿಗೆ ಹಾರ್ಮೋನು ಏರಿತು, 3000 ಕೆಲ್ವಿನ್‌ನ ಹಳದಿ ಛಾಯೆಗೆ ಹಾಗೆ ಏರಲಿಲ್ಲ. ಇದನ್ನು ಪಂಚಾಯಿತಿಯವರು ಗಮನವಿಟ್ಟು ಓದಬೇಕು. 2015ರ ಜನವರಿಯಲ್ಲಿ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮ ಶುರುವಾದ ಮೇಲೆ ಹಳೆಯ ಸೋಡಿಯಂ ದೀಪದ ಹಳದಿ ಬೆಳಕು ಹೋಗಿ ಕಣ್ಣು ಕೋರೈಸುವ ಬಿಳಿ ಎಲ್‌ಇಡಿ ಬಂದಿದೆ. ವಿದ್ಯುತ್ ಉಳಿಯಿತು ನಿಜ. ಹಕ್ಕಿಯ ಮಿದುಳು ‘ಹಗಲಾಯಿತು’ ಎಂದು ಓದಿಕೊಳ್ಳುವ ನೀಲಿ ಅಂಶ ಅದರ ಜೊತೆಗೇ ಬಂತು.

ಹೊರದೇಶದ ಹಕ್ಕಿಗಳ ಮಾತು ಬಿಟ್ಟು ನಮ್ಮ ಊರಕಾಗೆಯನ್ನೇ ನೋಡೋಣ. ದೆಹಲಿ ವಿಶ್ವವಿದ್ಯಾಲಯದಲ್ಲಿ ವಿನೋದ್ ಕುಮಾರ್ ಅವರ ಪ್ರಯೋಗಾಲಯ ಕಾಗೆಗಳನ್ನು ಸತತ ಬೆಳಕಿನಲ್ಲಿಟ್ಟು ನೋಡಿತು. ಎಚ್ಚರ–ನಿದ್ದೆಯ ಲಯ ಕೆಟ್ಟಿತು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ಹೊಸದಾಗಿ ಹುಟ್ಟುವ ನರಕೋಶಗಳು ಸರಿಯಾಗಿ ಬಲಿಯಲಿಲ್ಲ, ಕಲಿಯುವ ಶಕ್ತಿ ಕುಂದಿತು. 2018ರಲ್ಲಿ ಅದೇ ತಂಡ ರಾತ್ರಿಗೆ ಮಂದ ಬೆಳಕನ್ನಷ್ಟೇ ಸೇರಿಸಿದಾಗಲೂ ಕಾಗೆಗಳಲ್ಲಿ ಖಿನ್ನತೆಯನ್ನು ಹೋಲುವ ನಡವಳಿಕೆ ಕಂಡಿತು. ಹಕ್ಕಿಗಳಲ್ಲೆಲ್ಲ ಜಾಣ, ಮನುಷ್ಯನ ಜೊತೆ ಬಾಳಿ ಪಳಗಿದ ಕಾಗೆಗೇ ಹೀಗಾದರೆ ಬೆಟ್ಟದ ಬಂಡೆಗಳ ನಡುವಿನ ಕುರುಚಲನ್ನು ಬಿಟ್ಟು ಬರದ, ಸಾವನದುರ್ಗದ ಹಳದಿಕೊರಳ ಪಿಕಳಾರದಂಥ ಹಕ್ಕಿಯ ಗತಿ ಏನು ಎಂದು ಯೋಚಿಸಿದರೆ ನನಗೆ ಎದೆ ಭಾರವಾಗುತ್ತದೆ.

ಪುರಾವೆ ಎಲ್ಲವೂ ಒಂದೇ ದಿಕ್ಕಿಗೆ ಇದೆ ಎಂದರೆ ಸುಳ್ಳಾಗುತ್ತದೆ. ಎಲ್ಲ ಪ್ರಯೋಗಗಳಲ್ಲೂ ಬೆಳಕಿಗೆ ಕಾರ್ಟಿಕೋಸ್ಟಿರಾನ್ ಏರಲಿಲ್ಲ. 2006ರಲ್ಲಿ ಯೆಸ್ಕೊ ಪಾರ್ಟೆಕೆ ಅವರ ತಂಡ ನಗರದ ಮತ್ತು ಕಾಡಿನ ಕರಿಹಕ್ಕಿ ಮರಿಗಳನ್ನು ಒಂದೇ ಕಡೆ ಸಾಕಿ ಬೆಳೆಸಿತು. ಹೆದರಿಸಿದಾಗ ನಗರದ ಹಕ್ಕಿಗಳ ಹಾರ್ಮೋನು ಕಾಡಿನವಕ್ಕಿಂತ ಕಮ್ಮಿ ಏರಿತು. ಕೆಲವರು ಇದನ್ನು ಒಗ್ಗಿಕೊಂಡ ಗುರುತು ಎನ್ನುತ್ತಾರೆ. ನನಗೆ ಅದು ನೆಮ್ಮದಿಯ ಸುದ್ದಿಯಾಗಿ ಕಾಣುವುದಿಲ್ಲ. ಒತ್ತಡದ ಹಾರ್ಮೋನು ಬೇಕಾದಾಗ ಏರಬೇಕು, ಬೇಡವಾದಾಗ ಇಳಿಯಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಹಕ್ಕಿಗೆ ಕೇಡೇ. ಬೆಳಗಿನ ಜಾವ ಮಾತ್ರ ತುದಿ ಮುಟ್ಟಬೇಕಾದ ಹಾರ್ಮೋನು ರಾತ್ರಿಯೆಲ್ಲ ಮೇಲೇ ಉಳಿದರೆ ಕೊಬ್ಬು ವೃಥಾ ಕರಗುತ್ತದೆ, ರೋಗನಿರೋಧಕ ಶಕ್ತಿ ತಗ್ಗುತ್ತದೆ, ಮರಿಗೆ ಗುಟುಕು ತರುವ ಓಡಾಟ ಸೊರಗುತ್ತದೆ. ನಗರದಲ್ಲಿ ಬೆಳಕಿನ ಜೊತೆ ಸದ್ದು, ಹೊಗೆ, ಆಹಾರದ ಬದಲಾವಣೆಗಳೂ ಬೆರೆತಿರುವುದರಿಂದ ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಬೆಳಕನ್ನು ಮಾತ್ರ ಬದಲಿಸಿ ಬೇರೆಲ್ಲವನ್ನೂ ಹಾಗೇ ಇಟ್ಟ ಪ್ರಯೋಗಗಳನ್ನೇ ನಾನು ಇಲ್ಲಿ ಹೆಚ್ಚಾಗಿ ತಂದಿರುವುದು ಅದಕ್ಕೇ.

ಕೇಡು ಹಕ್ಕಿಯ ಮೈಯಲ್ಲೇ ನಿಲ್ಲುವುದೂ ಇಲ್ಲ. ಫ್ಲಾರಿಡಾದಲ್ಲಿ ಮೆರಿಡಿತ್ ಕೆರ್ನ್‌ಬಾಖ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೆಸ್ಟ್ ನೈಲ್ ವೈರಸ್ ತಗುಲಿಸಿದ ಮನೆಗುಬ್ಬಿಗಳಲ್ಲಿ, ರಾತ್ರಿ ಬೆಳಕಿನಲ್ಲಿದ್ದವು ಕತ್ತಲಲ್ಲಿದ್ದವಕ್ಕಿಂತ ಎರಡು ದಿನ ಹೆಚ್ಚು ಕಾಲ ಸೊಳ್ಳೆಗೆ ಸೋಂಕು ದಾಟಿಸಬಲ್ಲವಾಗಿದ್ದವು. ಇದರಿಂದ ರೋಗ ಹಬ್ಬುವ ಸಾಧ್ಯತೆ ಶೇ 41ರಷ್ಟು ಹೆಚ್ಚುತ್ತದೆ ಎಂದು ಅವರು ಲೆಕ್ಕ ಹಾಕಿದರು. ಸೊಳ್ಳೆ ಕಚ್ಚುವುದು ಗುಬ್ಬಿಯನ್ನಷ್ಟೇ ಅಲ್ಲ.

ಬೆಳಕು ಜೀವದ ಗಡಿಯಾರವನ್ನು ತಿರುಗಿಸುತ್ತದೆ ಎಂಬುದನ್ನು ನಮ್ಮ ರೈತರು ಪುಸ್ತಕ ಓದಿ ಕಲಿಯಬೇಕಿಲ್ಲ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋದರೆ ಸೇವಂತಿಗೆ ತೋಟಗಳ ಮೇಲೆ ಸಾಲು ಸಾಲು ಬಲ್ಬು ಉರಿಯುವುದು ಕಾಣುತ್ತದೆ. ಇರುಳು ಉದ್ದವಾದಾಗ ಹೂಬಿಡುವ ಗಿಡ ಅದು. ಬಲ್ಬು ಹಾಕಿ ಇರುಳನ್ನು ತುಂಡು ಮಾಡಿದರೆ ಮೊಗ್ಗು ತಡವಾಗುತ್ತದೆ, ಗಿಡ ಎತ್ತರ ಬೆಳೆಯುತ್ತದೆ, ಹಬ್ಬದ ಹೊತ್ತಿಗೆ ಹೂ ಮಾರುಕಟ್ಟೆಗೆ ಬರುತ್ತದೆ. ಮೊಟ್ಟೆ ಕೋಳಿ ಸಾಕುವವರು ಹಗಲನ್ನು ದೀಪದಿಂದ ಹದಿನಾರು ಗಂಟೆಗೆ ಎಳೆಯುತ್ತಾರೆ. ಬ್ರಾಯ್ಲರ್ ಶೆಡ್ಡುಗಳಲ್ಲಿ ಒಂದು ಗಂಟೆ ಬಿಟ್ಟರೆ ದಿನವೆಲ್ಲ ದೀಪ ಉರಿಸುವ ಪದ್ಧತಿಯಿದೆ: ಬೆಳಕಿದ್ದರೆ ಕೋಳಿ ತಿನ್ನುತ್ತಲೇ ಇರುತ್ತದೆ, ತೂಕ ಬರುತ್ತದೆ. ಹಾಗೆ ಬೆಳೆದವಕ್ಕೆ ಕಾಲು ಸೋಲುವುದು, ಇದ್ದಕ್ಕಿದ್ದಂತೆ ಸಾಯುವುದು ಹೆಚ್ಚು ಎಂದು ಕಂಡ ಮೇಲೆ ಯುರೋಪಿಯನ್ ಒಕ್ಕೂಟ 2007ರಲ್ಲಿ ಮಾಂಸದ ಕೋಳಿಗೂ ದಿನಕ್ಕೆ ಆರು ಗಂಟೆ ಕತ್ತಲು ಕೊಡಲೇಬೇಕು, ಅದರಲ್ಲಿ ನಾಲ್ಕು ಗಂಟೆಯಾದರೂ ಎಡೆಬಿಡದೆ ಇರಬೇಕು ಎಂದು ನಿಯಮ ಮಾಡಿತು. ಆರೇಳು ವಾರಕ್ಕೆ ಕಸಾಯಿಗೆ ಹೋಗುವ ಕೋಳಿಗೆ ಕೊಟ್ಟ ಆ ಕತ್ತಲಿನ ಹಕ್ಕು, ವರ್ಷಗಟ್ಟಲೆ ಆಲದ ಹಣ್ಣು ತಿಂದು ಬೀಜ ಹರಡಬೇಕಾದ ಹಕ್ಕಿಗಳಿಗೆ ನಮ್ಮಲ್ಲಿ ಯಾವ ಕಡತದಲ್ಲೂ ಇಲ್ಲ.

ಹಕ್ಕಿಗಳು ಕಾಲಕ್ರಮೇಣ ಹೊಂದಿಕೊಳ್ಳುತ್ತವೆ ಎನ್ನುವವರಿಗೆ ಬೆಂಗಳೂರಿನ ಜಕ್ಕೂರಿನಲ್ಲಿ ನಡೆದ ಒಂದು ಕೆಲಸವನ್ನು ನೆನಪಿಸಬೇಕು. ಭಾರತದಲ್ಲಿ ಜೈವಿಕ ಗಡಿಯಾರದ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಎಂ.ಕೆ. ಚಂದ್ರಶೇಖರನ್ ಮದುರೆಯಿಂದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದಿದ್ದರು. 1999ರಲ್ಲಿ ಶೀಬಾ, ವಿಜಯ್ ಕುಮಾರ್ ಶರ್ಮಾ, ಅಮಿತಾಭ್ ಜೋಶಿ ಅವರೊಡನೆ ಅವರು ಪ್ರಕಟಿಸಿದ ಲೇಖನದ ವಿಷಯ, ಸತತ ಬೆಳಕಿನಲ್ಲೇ 600 ತಲೆಮಾರು ಕಳೆದ ಹಣ್ಣುನೊಣಗಳು. ಅವನ್ನು ಕತ್ತಲಿಗೆ ತಂದಾಗ ಕೋಶದಿಂದ ಹೊರಬರುವ ದಿನದ ಲಯ ಇನ್ನೂ ಇತ್ತು. ಆರು ನೂರು ತಲೆಮಾರು ಬೆಳಕಿಟ್ಟರೂ ಗಡಿಯಾರ ಅಳಿಯಲಿಲ್ಲ. ಕಾಗೆಗೆ, ಗಿಳಿಗೆ ಅಷ್ಟು ತಲೆಮಾರು ಕಳೆಯಲು ಸಾವಿರ ವರ್ಷ ಮೀರಿ ಬೇಕು. ಕುದೂರಿಗೆ ಬರಲಿರುವ ಕಂಬಗಳು ಹತ್ತು ವರ್ಷದಲ್ಲಿ ಬಂದುಬಿಡುತ್ತವೆ.

ಈಗ ಆಲದ ಸಾಲಿಗೆ ಮರಳೋಣ. ಆಲ ಹಣ್ಣುಬಿಟ್ಟಾಗ ಮೈನಾ, ಕೋಗಿಲೆ, ಪಿಕಳಾರ, ಕುಟ್ರುಹಕ್ಕಿಗಳು ಕೆಂಪು ಹಣ್ಣಿಗೆ ಮುತ್ತುತ್ತವೆ. ಸಂಜೆಯಾಗುತ್ತಲೇ ಕಾಗೆ, ಮೈನಾಗಳ ಹಿಂಡು ಗದ್ದಲ ಮಾಡುತ್ತ ಕೊಂಬೆಗಳಿಗಾಗಿ ಜಗಳವಾಡಿ, ಕತ್ತಲು ಕವಿದ ಮೇಲೆ ಒಮ್ಮೆಗೇ ಸುಮ್ಮನಾಗುತ್ತದೆ. ಪೊಟರೆಯಿಂದ ಹಾಲಕ್ಕಿ ಹೊರಬರುವ ಹೊತ್ತು ಅದು. ಇಂಥ ದಟ್ಟ ನೆತ್ತಿಯ ಮರಗಳು ಸಾಲಾಗಿ ನಿಂತ ಜಾಗ ಸುತ್ತಿನ ಹೊಲ–ತೋಟಗಳ ಹಕ್ಕಿಗಳಿಗೆಲ್ಲ ರಾತ್ರಿಯ ತಂಗುದಾಣ. ರಸ್ತೆ ದೀಪದ ಕಂಬ ನಿಲ್ಲುವುದು ನೆತ್ತಿಯ ಮಟ್ಟಕ್ಕೆ. ಎಂಟೊಂಬತ್ತು ಮೀಟರ್ ಎತ್ತರದ ದೀಪದ ತಲೆ ಸ್ವಲ್ಪ ಮೇಲಕ್ಕೆ ವಾಲಿದರೂ ಸಾಕು, ರಸ್ತೆಗೆ ಬೀಳಬೇಕಾದ ಬೆಳಕಿನಲ್ಲಿ ದೊಡ್ಡ ಪಾಲು ಮಲಗಿದ ಹಕ್ಕಿಯ ಮುಖಕ್ಕೆ ಬೀಳುತ್ತದೆ. ಸರ್ಕಲ್‌ನ ಹೈಮಾಸ್ಟ್ ದೀಪವಾದರೆ ಅದರ ಹೊಳಪು ಅರ್ಧ ಊರನ್ನು ದಾಟಿಹೋಗುತ್ತದೆ.

ದೀಪವೇ ಬೇಡ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಅಧಿಕಾರ ಬೆಂಗಳೂರಿನ ಬೆಳಕಿನಲ್ಲಿ ಕೂತವರಿಗಂತೂ ಇಲ್ಲ. ಮಾಗಡಿ ತಾಲ್ಲೂಕಿನಲ್ಲಿ 2020ರಲ್ಲಿ ಚಿರತೆಗೆ ಜೀವ ಕಳೆದುಕೊಂಡವರಿದ್ದಾರೆ. ಕತ್ತಲಲ್ಲಿ ಡೇರಿಗೆ ಹಾಲು ಹಾಕಲು ಹೋಗುವ ಅಕ್ಕನಿಗೆ, ಕೊನೇ ಬಸ್ಸಿಳಿದು ನಡೆದು ಬರುವ ಗಾರ್ಮೆಂಟ್ಸ್ ಕೆಲಸದ ಹುಡುಗಿಗೆ ಕಾಲ ಕೆಳಗೆ ಬೆಳಕು ಬೇಕು. ಬೇಕಾದ್ದು ಕಾಲ ಕೆಳಗೆ. ಆಕಾಶಕ್ಕೂ ಮರದ ನೆತ್ತಿಗೂ ಎರಚುವ ಬೆಳಕಿನಿಂದ ಅವರಿಗೆ ಉಪಕಾರವಿಲ್ಲ, ಅದರ ಕರೆಂಟು ಬಿಲ್ಲು ಕಟ್ಟುವುದು ಮಾತ್ರ ಪಂಚಾಯಿತಿಯೇ. ಬೆಳಗಾದ ಮೇಲೂ ದೀಪ ಉರಿಯುತ್ತಲೇ ಇರುವ ಎಷ್ಟೋ ಹಳ್ಳಿಗಳಿವೆ, ಆರಿಸಲು ನೀರುಗಂಟಿ ಬರಬೇಕು.

ಮಾಡಬಹುದಾದ್ದು ಕೈಗೆಟುಕುವಷ್ಟೇ ಇದೆ. ದೀಪದ ತಲೆ ನೆಲಕ್ಕೆ ಮುಖ ಮಾಡಿರಬೇಕು, ಮೇಲಕ್ಕೂ ಪಕ್ಕಕ್ಕೂ ಮರೆ ಇರಬೇಕು. ಬಣ್ಣ 3000 ಕೆಲ್ವಿನ್ ಮೀರದ ಹಳದಿಯಾಗಬೇಕು. ರಾತ್ರಿ ಹನ್ನೊಂದರ ಮೇಲೆ ತಾನಾಗಿ ತಗ್ಗುವ, ಜನ ಸುಳಿದರೆ ಮಾತ್ರ ಹೆಚ್ಚುವ ಟೈಮರ್ ಮತ್ತು ಸೆನ್ಸರ್‌ಗಳು ಈಗ ಮಾರುಕಟ್ಟೆಯಲ್ಲೇ ಸಿಗುತ್ತವೆ. ಹುಲಿಕಲ್ ರಸ್ತೆಯ ಆಲದ ಸಾಲಿನ ನಾಲ್ಕು ಕಿಲೋಮೀಟರಿನಲ್ಲಿ ನೆತ್ತಿಯ ಮಟ್ಟದ ಕಂಬ ಬರಲೇಬಾರದು. ಊರು ಇರುವಲ್ಲಿ, ಬಸ್ ನಿಲ್ಲುವಲ್ಲಿ ಸೊಂಟದೆತ್ತರದ ದೀಪ ಸಾಕು. ಉಳಿದೆಡೆ ವಾಹನದ ದೀಪಕ್ಕೆ ಹೊಳೆಯುವ ಪಟ್ಟಿ ದಾರಿ ತೋರಿಸುತ್ತದೆ. ಕತ್ತಲನ್ನು ಕಾಯುವುದು ನಮ್ಮ ದೇಶಕ್ಕೆ ಹೊಸದೂ ಅಲ್ಲ. ಲಡಾಖಿನ ಹಾನ್ಲೆಯನ್ನು ದೂರದರ್ಶಕಗಳಿಗಾಗಿ, ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶವನ್ನು 2024ರಲ್ಲಿ, ಕತ್ತಲ ಆಕಾಶದ ತಾಣಗಳೆಂದು ಗುರುತಿಸಿದ್ದಾಗಿದೆ. 2012ರಲ್ಲಿ ರಣಹದ್ದುಗಳಿಗಾಗಿ ರಾಮದೇವರ ಬೆಟ್ಟವನ್ನು ಅಭಯಧಾಮ ಮಾಡಿದ ಜಿಲ್ಲೆ ಇದು. ಒಂದು ರಸ್ತೆಯ ಕತ್ತಲನ್ನು ಕಾಯುವುದು ಅದಕ್ಕಿಂತ ಕಷ್ಟವಲ್ಲ.

ಕಂಬ ನೆಡುವ ಮುಂಚೆ ಆಗಬೇಕಾದ ಇನ್ನೊಂದು ಕೆಲಸ ಅಳತೆ. ಇವತ್ತಿನ ಕತ್ತಲಿನಲ್ಲಿ ಈ ಹಕ್ಕಿಗಳ ಹಾರ್ಮೋನಿನ ಮಟ್ಟ ಎಷ್ಟಿದೆ ಎಂದು ಈಗಲೇ ಬರೆದಿಟ್ಟುಕೊಳ್ಳದಿದ್ದರೆ ನಾಳೆ ಕೆಟ್ಟದ್ದನ್ನು ಸಾಬೀತು ಮಾಡಲು ಯಾರಿಗೂ ಆಗುವುದಿಲ್ಲ. ಅದಕ್ಕೆ ಹಕ್ಕಿಯನ್ನು ಹಿಡಿಯಬೇಕೆಂದೂ ಇಲ್ಲ. ಗರಿ ಬೆಳೆಯುವಾಗ ರಕ್ತದಲ್ಲಿದ್ದ ಕಾರ್ಟಿಕೋಸ್ಟಿರಾನ್‌ ಆ ಗರಿಯಲ್ಲೇ ಉಳಿಯುತ್ತದೆ ಎಂದು ಕೆನಡಾದ ಗ್ಯಾರಿ ಬೊರ್ಟೊಲೊಟ್ಟಿ 2008ರಲ್ಲಿ ತೋರಿಸಿದ ಮೇಲೆ, ಉದುರಿದ ಗರಿಯೇ ದಾಖಲೆಯಾಗಿದೆ. ದಿನದ ಏರಿಳಿತ ಗರಿಯಲ್ಲಿ ಸಿಗುವುದಿಲ್ಲ, ಅದು ವಾರಗಳ ಒಟ್ಟು ಲೆಕ್ಕ. ಬೆಳಗಿನ ಜಾವದ ಏರಿಕೆ ಬೇಕಾದರೆ ಕೊಂಬೆಯಡಿ ಹೊತ್ತು ಹೊತ್ತಿಗೆ ಬಿದ್ದ ಹಿಕ್ಕೆಯನ್ನು ನೋಡಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಸುಕುಮಾರ್ ಅವರ ತಂಡ ಕಾಡಾನೆಗಳ ಲದ್ದಿಯಿಂದಲೇ ಅವುಗಳ ಒತ್ತಡವನ್ನು ಅಳೆದಿದೆ. ಕುದೂರಿನಿಂದ ಆ ಪ್ರಯೋಗಾಲಯ ಎರಡು ಗಂಟೆಯ ದಾರಿ. ಆಲದ ಸಾಲಿನಲ್ಲಿ ಇಂತಿಷ್ಟು ಮರ, ಕುದೂರು ಸರ್ಕಲ್‌ನ ದೀಪದ ಕೆಳಗಿನ ಇಂತಿಷ್ಟು ಮರ ಎಂದು ಆರಿಸಿ, ಊರಿನ ಪ್ರೌಢಶಾಲೆಯ ಮಕ್ಕಳು ಪ್ರತಿ ತಿಂಗಳು ಗರಿ ಆಯ್ದು, ಮರದ ಅಂಕಿ ಮತ್ತು ತಾರೀಕು ಬರೆದು ಕಾಗದದ ಲಕೋಟೆಯಲ್ಲಿಟ್ಟರೂ ಸಾಕು. ಪ್ಲಾಸ್ಟಿಕ್ ಚೀಲ ಬೇಡ, ಗರಿ ಬೂಷ್ಟು ಹಿಡಿಯುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಹಳಷ್ಟು ಹಕ್ಕಿಗಳು ಗರಿ ಬದಲಿಸುತ್ತವೆ, ಕೆಲಸ ಶುರುಮಾಡಲು ಅದೇ ಸರಿಯಾದ ಕಾಲ.